ಮುತ್ತಾತನ ಮೂರನೆಯ ಹೆಂಡತಿ

ನನ್ನ ಮುತ್ತಾತನಿಗೆ ನಾಲ್ಕು ಮದುವೆ. ಮೊದಲನೆಯವಳು ಬಾಣಂತಿಯಾಗಿದ್ದಾಗ ಸತ್ತಳು. ಎರಡನೆಯವಳು ಪ್ಲೇಗಿಗೆ ಹೋದಳು. ನಾಲ್ಕನೆಯವಳು ಹೆತ್ತು, ಹೂತು, ಉಳಿದವರನ್ನು ಸಾಕಿ, ಹಲ್ಲೆಲ್ಲ ಉದುರಿದ ಮೇಲೆ ಸತ್ತಳು. ನಾವೆಲ್ಲ ಆ ನಾಲ್ಕನೆಯವಳ ಸಂತಾನ. ಈ ಮೂವರ ಹೆಸರು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಮೂರನೆಯವಳ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳ ವಿಷಯ ಗೊತ್ತಿದ್ದುದು ಇಷ್ಟೇ: ಬೆಳಿಗ್ಗೆ ಅವಳಿಗೆ ತಾಳಿ ಕಟ್ಟಿದರು, ಮಧ್ಯಾಹ್ನದ ಹೊತ್ತಿಗೆ ಅವಳು ಇರಲಿಲ್ಲ, ಅದೇ ದಿನ ಹೊತ್ತು ಮುಳುಗುವ ಮೊದಲು ಮುತ್ತಾತ ನಾಲ್ಕನೆಯವಳನ್ನು ಕಟ್ಟಿಕೊಂಡ.

ಇಷ್ಟು ಸಿಕ್ಕಿದರೆ ನಮ್ಮ ಮನೆಯವರ ನಾಲಿಗೆ ಸುಮ್ಮನಿರುತ್ತದೆಯೇ? ಮೂರ್ಛೆರೋಗ ಮುಚ್ಚಿಟ್ಟು ಕೊಟ್ಟಿದ್ದರು, ಗೊತ್ತಾದ ಕೂಡಲೇ ಬಾವಿಗೆ ದೂಡಿದರು ಎಂದು ಒಬ್ಬರು. ಜಾತಿ ಸುಳ್ಳು ಹೇಳಿದ್ದಳು ಎಂದು ಇನ್ನೊಬ್ಬರು. ಧಾರೆಯ ಹೊತ್ತಿನಲ್ಲಿ ಕಿಸಕ್ಕನೆ ನಕ್ಕಳಂತೆ, ಮುತ್ತಾತ ಕುಡುಗೋಲು ಬೀಸಿದನಂತೆ ಎಂದು ಮತ್ತೊಬ್ಬರು. ರಾಗಿ ಬೀಸುವಾಗ, ಕೊಬ್ಬರಿ ಒಡೆಯುವಾಗ, ಹೊತ್ತು ಹೋಗಲೆಂದು ಹೇಳುತ್ತಿದ್ದ ಕಥೆಗಳು ಇವು. ಹೇಳುವವರಲ್ಲಿ ಒಬ್ಬರ ಬಾಯಲ್ಲಾದರೂ ಅವಳಿಗಾಗಿ ‘ಅಯ್ಯೋ ಪಾಪ’ ಅನ್ನುವ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಈ ಹೆಸರಿಲ್ಲದವಳಿಗೆ ನಮ್ಮ ಮನೆಯವರು ನನ್ನ ಸೋದರತ್ತೆಯನ್ನು ಕೊಟ್ಟುಬಿಟ್ಟಿದ್ದರು.

ಅತ್ತೆ ನನ್ನಪ್ಪನ ಒಬ್ಬಳೇ ತಂಗಿ. ನಮ್ಮದು ಯಗಟಿಯಿಂದ ಆಚೆ, ಬಸ್ಸು ಇಳಿದು ನಡೆಯಬೇಕಾದ ಒಣಭೂಮಿಯ ಊರು. ಸ್ವಲ್ಪ ತೆಂಗು, ರಾಗಿ ಹೊಲ, ಕುರಿ. ಅತ್ತೆಗೆ ಹರೆಯದಲ್ಲಿ ಒಂದು ಸಂಬಂಧ ಗೊತ್ತಾಗಿತ್ತು. ಅರಿಶಿಣ ಕುಟ್ಟಿದ್ದಾಗಿತ್ತು, ಚಪ್ಪರಕ್ಕೆ ಗಳ ತಂದಿದ್ದಾಗಿತ್ತು. ಅಷ್ಟರಲ್ಲಿ ಹುಡುಗ ಜ್ವರ ಬಂದು ಸತ್ತ. ನನ್ನ ತಾತ, ಅಂದರೆ ಅತ್ತೆಯ ಅಪ್ಪ, ಶಾಸ್ತ್ರ ಹೇಳುವವನ ಹತ್ತಿರ ಹೋದ. ಆ ಮಹಾನುಭಾವ ನಿಮ್ಮ ಮನೆಯಲ್ಲಿ ಆಸೆ ಉಳಿಸಿಕೊಂಡು ಸತ್ತ ಹೆಂಗಸರು ಯಾರ್‍ಯಾರು ಎಂದು ಕೇಳಿದ. ಎಣಿಸುತ್ತ ಎಣಿಸುತ್ತ ತಾತ ಮೂರನೆಯವಳ ಸುದ್ದಿಗೆ ಬಂದಾಗ ಶಾಸ್ತ್ರದವನು ‘ನಿಲ್ಲು’ ಅಂದ. ತಾಳಿ ಕಟ್ಟಿದ ದಿನವೇ ಹೋದವಳು ಈ ಮನೆಯ ಹೆಣ್ಣಿನ ಕೊರಳಿಗೆ ತಾಳಿ ಬೀಳಲು ಬಿಡುವುದಿಲ್ಲ. ಅವಳನ್ನು ಹೆಸರು ಹಿಡಿದು ಕರೆದು, ಸೀರೆ ಇಟ್ಟು, ಉಣ್ಣಲು ಹಾಕಿ ಕಳಿಸಿಕೊಡಬೇಕು. ಅಲ್ಲಿಯವರೆಗೆ ಹುಡುಗಿಯ ಮದುವೆ ಮಾತೆತ್ತಬೇಡಿ. ಅವಳ ಊಳಿಗ ಈ ಹುಡುಗಿಯೇ ಮಾಡಲಿ ಎಂದ.

ಹೆಸರು ಗೊತ್ತಿಲ್ಲ, ಆದ್ದರಿಂದ ಕರೆಯುವ ಹಾಗಿಲ್ಲ. ಕರೆಯದಿದ್ದರೆ ಅವಳು ಹೋಗುವುದಿಲ್ಲ. ಅವಳು ಹೋಗದೆ ಮದುವೆ ಇಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮತ್ತೆಯನ್ನು ನೋಡಿಯೇ ಮಾಡಿದಂತಿದೆ. ಅದೇ ವರ್ಷ ಅಜ್ಜಿಗೆ, ಅಂದರೆ ಅತ್ತೆಯ ಅವ್ವನಿಗೆ, ಲಕ್ವ ಹೊಡೆದು ಮಾತು ನಿಂತಿತು, ಹಾಸಿಗೆ ಹಿಡಿದಳು. ಮನೆಗೆ ಒಂದು ಜೊತೆ ಕೈ ಬೇಕಾಗಿತ್ತು, ಪುಕ್ಕಟೆ ಸಿಕ್ಕಿತು. ಆಮೇಲೆ ಆ ಹೆಸರನ್ನು ಹುಡುಕುವ ಉಸಾಬರಿಗೆ ಯಾರೂ ಹೋಗಲಿಲ್ಲ.

ಅಜ್ಜಿಯ ಹೇಲು ಉಚ್ಚೆ ಬಳಿದವಳು ಅತ್ತೆ. ಕುರಿ ರೊಪ್ಪದ ಗೊಬ್ಬರ ತೆಗೆದವಳು, ನನ್ನ ಅವ್ವನ ಬಾಣಂತನ ಮಾಡಿದವಳು, ನನ್ನನ್ನೂ ನನ್ನಣ್ಣನನ್ನೂ ಸೊಂಟದಲ್ಲಿ ಹೊತ್ತವಳು, ಅಣ್ಣನ ಮಕ್ಕಳನ್ನೂ ಹೊತ್ತವಳು. ಮಲಗುವುದು ರೊಪ್ಪದ ಪಕ್ಕದ ಕೋಣೆಯಲ್ಲಿ. ಶುಭಕಾರ್ಯಕ್ಕೆ ಎದುರು ಬರುವಂತಿಲ್ಲ. ನನ್ನ ಮದುವೆಯ ದಿನ ಅಷ್ಟು ಜನರಿಗೆ ಮಸಾಲೆ ಅರೆದು, ಧಾರೆಯ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಂತಿದ್ದಳು. ಯಾರೂ ಹೋಗು ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ನಡುಮನೆಯಲ್ಲಿ ಸತ್ತವರಿಗೆಲ್ಲ ಸಾಲಾಗಿ ಬಾಳೆ ಎಲೆ ಹಾಕಿ, ಮುದ್ದೆ, ಬಾಡಿನ ಎಸರು, ವಡೆ, ಕಜ್ಜಾಯ ಬಡಿಸಿ, ಒಬ್ಬೊಬ್ಬರ ಹೆಸರು ಹಿಡಿದು ಕರೆದು ಧೂಪ ಹಾಕುತ್ತೇವೆ. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ. ಆಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂರುತ್ತೇವೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಮೂರನೆಯವಳ ಎಡೆ ಮಾತ್ರ ಒಳಗಿಲ್ಲ. ಅದು ರೊಪ್ಪದ ಬಾಗಿಲಲ್ಲಿ. ಅದನ್ನು ಅತ್ತೆಯೇ ಇಡಬೇಕು, ಎಲ್ಲರದೂ ಆದ ಮೇಲೆ ಅಲ್ಲೇ ಕೂತು ಉಣ್ಣಬೇಕು. ಕರೆಯಲು ಹೆಸರಿಲ್ಲವಲ್ಲ, ‘ಬಾರಮ್ಮ, ಯಾರೇ ಆಗಿರು, ಬಾ’ ಎಂದು ಕರೆಯುತ್ತಿದ್ದಳು. ಹುಡುಗಿಯಾಗಿದ್ದಾಗ ನನಗೆ ಅದನ್ನು ಕೇಳಿದರೆ ನಗು ಬರುತ್ತಿತ್ತು.

ಹೋದ ವರ್ಷ ಅತ್ತೆ ಕುರಿಗಳಿಗೆ ನೀರಿಡುವ ಬಾನಿಯ ಹತ್ತಿರ ಜಾರಿ ಬಿದ್ದಳು. ಆಸ್ಪತ್ರೆಗೆಂದು ಕಡೂರಿನ ನನ್ನ ಮನೆಗೆ ಕರೆತಂದೆ. ಮೂಳೆ ಮುರಿದಿರಲಿಲ್ಲ, ಆದರೆ ಅವಳು ಸಾವಿನ ಲೆಕ್ಕ ಶುರುಮಾಡಿಕೊಂಡಿದ್ದಳು. ಒಂದು ಮಧ್ಯಾಹ್ನ ಕಾಫಿ ಲೋಟ ಕೆಳಗಿಟ್ಟು ಹೇಳಿದಳು:

“ಮದ್ವೆ ಇಲ್ದೋಳು ಸತ್ರೆ ಹಿರೀಕರ ಸಾಲಿಗೆ ಸೇರ್ಸಲ್ಲ ಕಣೇ. ನಂಗೆ ಎಡೆ ಇಲ್ಲ, ಹೆಸರು ಹಿಡ್ದು ಕರಿಯೋರಿಲ್ಲ. ಆ ಮೂರ್ನೇವ್ಳದೂ ಅದೇ ಪಾಡು. ನೀನು ಕಂಡೋರ ವಂಶನೆಲ್ಲ ಟೈಪ್ ಹೊಡೀತೀಯ. ಅವಳ ಹೆಸರೊಂದು ಹುಡುಕ್ಕೊಡು. ಅವಳನ್ನ ಕರ್ದು ಕಳ್ಸಿಬಿಟ್ರೆ ನನ್ನ ಊಳಿಗ ಮುಗೀತದೆ. ಸಾಯಕ್ ಮುಂಚೆ ಒಂದು ಹಬ್ಬದಾಗಾದ್ರೂ ಒಳಗೆ ಕುಂತು ಉಣ್ತೀನಿ.”

ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಟೈಪ್ ಹೊಡೆಯುವ ಮಾತು ನಿಜ. ಕಡೂರಿನಲ್ಲಿ ಒಬ್ಬ ವಕೀಲರ ಹತ್ತಿರ ನಾನು ಬಹಳ ವರ್ಷ ಟೈಪಿಸ್ಟ್ ಆಗಿದ್ದೆ. ಆಸ್ತಿ ಭಾಗವಾಗಬೇಕಾದರೆ ವಂಶವೃಕ್ಷ ಬೇಕು. ಅದೆಷ್ಟು ವಂಶವೃಕ್ಷ ಟೈಪು ಮಾಡಿದ್ದೇನೋ! ಅಣ್ಣತಮ್ಮಂದಿರು ಎದುರಿಗೆ ಕೂತು ‘ನಮಗೆ ಅಕ್ಕತಂಗಿಯರಿಲ್ಲ’ ಎಂದು ಕಣ್ಣು ಮಿಟುಕಿಸದೆ ಬರೆಸುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಆ ತಂಗಿಯೇ ಅವರ ಊಟದ ಬುತ್ತಿ ಹಿಡಿದು ಕೂತಿರುತ್ತಿದ್ದಳು. ಕಾಗದದ ಮರದಿಂದ ಹೆಣ್ಣನ್ನು ಉದುರಿಸಲು ಗಾಳಿಯೂ ಬೇಕಿಲ್ಲ. ಹಾಗಾಗಿ ಮೂರನೆಯವಳನ್ನು ಯಾರೋ ಬೇಕೆಂದೇ ಉದುರಿಸಿದ್ದಾರೆ ಎಂದು ನನಗೆ ಮೊದಲೇ ಸಿಟ್ಟು ಬಂದಿತ್ತು.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. “ಋಷಿಮೂಲ ನದಿಮೂಲ ಹುಡುಕ್ಬಾರ್ದು ಅಂತಾರೆ. ನೀನು ಹೆಂಡ್ತಿ ಮೂಲ ಹುಡುಕ್ತೀಯಾ? ಸುಮ್ನೆ ಬಿದ್ದಿರೋದನ್ನ ಕೆದ್ಕಬೇಡ,” ಎಂದ. ಅತ್ತೆಯ ಸೊಂಟ ಹೇಗಿದೆ ಎಂದು ಕೇಳಲಿಲ್ಲ. ಯಾವಾಗ ವಾಪಸ್ ಕಳಿಸ್ತೀಯ ಎಂದು ಕೇಳಿದ. ಅತ್ತೆ ಕುಂಟುತ್ತಲೇ ಊರಿಗೆ ಹೋದಳು.

ಕಡೂರಿನಲ್ಲಿ ನೋಡಬಹುದಾದ ಹಳೇ ಕಾಗದವನ್ನೆಲ್ಲ ನೋಡಿದೆ. ಮುತ್ತಾತ ಇದ್ದ, ಅವನ ಹೊಲ ಇತ್ತು, ಅವನ ಗಂಡುಮಕ್ಕಳಿದ್ದರು. ಹೆಂಡತಿಯರು ಇರಲಿಲ್ಲ. ಹೆಂಡತಿ ಖಾತೆಯಲ್ಲಿ ಬರುವುದು ಗಂಡ ಸತ್ತು ಮಕ್ಕಳು ಚಿಕ್ಕವರಾಗಿದ್ದರೆ ಮಾತ್ರ. ನಮ್ಮ ಮುತ್ತಾತ ಎಲ್ಲರನ್ನೂ ಕಳಿಸಿ ಆರಾಮವಾಗಿ ಸತ್ತವನು.

ಉಳಿದದ್ದು ಹೆಳವರು. ನಮ್ಮಂಥ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರಿನಿಂದ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ಓದಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುವವರು ಅವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನಲ್ಲಿ ಬರುತ್ತಾರೆ. ನಮ್ಮ ಮನೆಯ ಹೆಳವ ಅಜ್ಜಂಪುರದಲ್ಲಿ ಯಾರದೋ ಕಣದಲ್ಲಿ ಬಿಡಾರ ಹಾಕಿದ್ದಾನೆಂದು ತಿಳಿದು ಹೋದೆ. ಬೇವಿನ ಮರದ ಕೆಳಗೆ ಚಾಪೆ ಹಾಕಿ, ಬಟ್ಟೆ ಸುತ್ತಿದ ಉದ್ದನೆ ಪುಸ್ತಕ ಬಿಚ್ಚಿದ. ರಾಗವಾಗಿ ಓದತೊಡಗಿದ. ಮುತ್ತಾತನ ಮೊದಲ ಹೆಂಡತಿ, ಇಂಥ ಊರು, ಇಂಥ ಬೆಡಗು, ಅಂದರೆ ತೌರಿನ ಕುಲ. ಎರಡನೆಯ ಹೆಂಡತಿ, ಊರು, ಬೆಡಗು. ಮೂರನೆಯದಕ್ಕೆ ಬಂದು ರಾಗ ನಿಲ್ಲಿಸಿದ.

“ಊರೂ ಬರ್ದಿಲ್ಲ, ಬೆಡಗೂ ಬರ್ದಿಲ್ಲ, ಹೆಸರೂ ಇಲ್ಲ ಕಣಕ್ಕ. ಮೂರ್ನೇದು ಅಂತ ಮಾತ್ರ ಐತೆ.”

“ನಿಮ್ಮಜ್ಜ ಯಾಕೆ ಬರೀಲಿಲ್ಲ?”

“ನಿಮ್ಮೋರು ಹೇಳಿರಕ್ಕಿಲ್ಲ. ಹೇಳಿದ್ರೆ ಬರೀದೆ ಬಿಡ್ತಿದ್ರಾ? ನಮ್ದೇನು ಗಂಟು ಹೋಗ್ತಿತ್ತು?”

ನಾನು ಅವನನ್ನು ಬಿಡಲಿಲ್ಲ. ನಿಮ್ಮವರು ಲಂಚ ತಿಂದು ಅಳಿಸಿದ್ದಾರೆ ಎಂದೆ. ಅವನು ಬೇಸರಪಟ್ಟುಕೊಳ್ಳದೆ ಪುಸ್ತಕ ಮುಚ್ಚಿದ. “ನಾಲ್ಕ್ನೇವ್ಳ ತೌರು ತರೀಕೆರೆ. ಅದೇ ದಿನ ಮದ್ವೆ ಅಂತೀರಿ, ಹುಡುಗಿ ಕೊಟ್ಟೋರಿಗೆ ಗೊತ್ತಿರ್ಬೇಕಲ್ಲ? ಅಲ್ಲೋಗಿ ಜಗಳ ಆಡ್ರಿ,” ಎಂದ. ಮಾತು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ತರೀಕೆರೆಯ ಆ ಮನೆ ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಮುಂದೆ ತೆಂಗಿನಕಾಯಿ ಮಂಡಿ, ಹಿಂದೆ ವಾಸ. ಮುತ್ತಜ್ಜಿಯ, ಅಂದರೆ ಆ ನಾಲ್ಕನೆಯವಳ, ತಮ್ಮನ ಸೊಸೆ ಇನ್ನೂ ಬದುಕಿದ್ದಳು. ತೊಂಬತ್ತರ ಹತ್ತಿರದ ಮುದುಕಿ. ಕಣ್ಣು ಮಂಜು, ಬಾಯಿ ಮಾತ್ರ ಹೊಸ ಕತ್ತರಿ. ನಾನು ಯಾರ ಮೊಮ್ಮಗಳು ಎಂದು ತಿಳಿದ ಕೂಡಲೇ ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡಳು. ನಾನು ಮೂರನೆಯವಳ ವಿಷಯ ಶುರುಮಾಡಿದೆ. ಬಾವಿಗೆ ದೂಡಿದ ಕಥೆ, ಕುಡುಗೋಲಿನ ಕಥೆ, ಶಾಸ್ತ್ರದವನ ಮಾತು, ಅತ್ತೆ ಇಡುವ ಎಡೆ, ಎಲ್ಲ ಹೇಳಿದೆ. ಮುದುಕಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂದು, ಅವಳ ಮೊಮ್ಮಗ ಮಂಡಿಯಿಂದ ಓಡಿ ಬಂದು ಬೆನ್ನು ತಟ್ಟಿದ.

“ಅಯ್ಯೋ ನಿಮ್ಮ ವಂಶ ಹಾಳಾಗ! ಅದು ಎಕ್ಕದ ಗಿಡ ಕಣೇ!”

ನನಗೆ ತಿಳಿಯಲಿಲ್ಲ.

“ಎರಡು ಹೆಂಡ್ರನ್ನ ತಿಂದ್ಕೊಂಡೋನಿಗೆ ಮೂರ್ನೇದಾಗಿ ಹುಡುಗಿ ಕೊಡಕ್ಕೆ ನಮ್ಮೋರಿಗೇನು ತಲೆ ಕೆಟ್ಟಿತ್ತಾ? ಮೂರ್ನೇವ್ಳು ಉಳಿಯಲ್ಲ ಅಂತಾರೆ. ಅದಕ್ಕೇ ಬದುವಿನ ಮೇಲಿನ ಎಕ್ಕದ ಗಿಡಕ್ಕೆ ಅರಿಶಿಣ ಹಚ್ಚಿ, ಸೀರೆ ಸುತ್ತಿ, ನಿಮ್ಮ ಮುತ್ತಾತನ ಕೈಲಿ ತಾಳಿ ಕಟ್ಸಿದ್ರು. ಕಟ್ಸಿ, ಗಿಡನ ಬುಡಸಮೇತ ಕಡ್ದು ಬಿಸಾಕಿದ್ರು. ಬರೋ ಕೇಡೆಲ್ಲ ಅದಕ್ಕೆ ಹೋಯ್ತು. ನಮ್ಮ ಹುಡುಗಿ ನಾಲ್ಕ್ನೇವ್ಳಾಗಿ ಬಂದ್ಲು. ಎಕ್ಕದ ಗಿಡಕ್ಕೆ ಬಾಡಿನ ಎಡೆ ಇಡ್ತೀರಾ? ಸೀರೆ ಬ್ಯಾರೆ ಇಡ್ತೀರಾ?” ಮತ್ತೆ ನಗು.

ಎಕ್ಕದ ಮದುವೆ ನಾನು ಕೇಳದ್ದೇನಲ್ಲ. ಮೂರನೆಯ ಸಲ ಮದುವೆಯಾಗುವ ಗಂಡಸು ಮೊದಲು ಎಕ್ಕಕ್ಕೆ ತಾಳಿ ಕಟ್ಟುವುದನ್ನು ನಮ್ಮ ಕಡೆ ಮುದುಕರೆಲ್ಲ ಹೇಳುತ್ತಾರೆ. ಆದರೆ ಹುಟ್ಟಿದಾಗಿನಿಂದ ನಾವು ಯಾರಿಗೆ ಭಯಪಡುತ್ತ ಬಂದೆವೋ ಅವಳು ಗಿಡವಾಗಿರಬಹುದೆಂದು ಯಾರಿಗೆ ಹೊಳೆಯುತ್ತದೆ? ಸುಳ್ಳು ಹೇಳಬೇಡಿ ಎಂದೆ. ಮುದುಕಿ ಮೊಮ್ಮಗನಿಗೆ ಹೇಳಿ ತಗಡಿನ ಪೆಟ್ಟಿಗೆ ತರಿಸಿದಳು. ಅದರಲ್ಲಿ ಮುತ್ತಜ್ಜಿಯ ಲಗ್ನಪತ್ರ ಇತ್ತು, ಮೂಲೆಯಲ್ಲಿ ಅರಿಶಿಣದ ಕಲೆ ಇನ್ನೂ ಮಾಸಿರಲಿಲ್ಲ. ಜೋಯಿಸರ ಕೈಬರಹದಲ್ಲಿ ಒಂದೇ ದಿನಕ್ಕೆ ಎರಡು ಮುಹೂರ್ತ: ಬೆಳಿಗ್ಗೆ ಅರ್ಕವಿವಾಹ, ಅದಾದ ಮೇಲೆ ಕನ್ಯಾದಾನ. ಅರ್ಕ ಅಂದರೆ ಎಕ್ಕ ಎಂದು ಮುದುಕಿಯ ಮೊಮ್ಮಗ ನನಗೆ ಪಾಠ ಹೇಳಿದ.

ನಾನು ಏಳುವಾಗ ಮುದುಕಿ ಇನ್ನೊಂದು ಮಾತು ಹೇಳಿದಳು. “ನಿಮ್ಮ ತಾತ ಕಾಯಿ ಮಾರಕ್ಕೆ ಇಲ್ಲಿಗೇ ಬರ್ತಿದ್ದ. ನಂಗೆ ಭಾವ ಆಗ್ಬೇಕು. ಹಿತ್ಲಾಗೊಂದು ಎಕ್ಕದ ಗಿಡ ಇತ್ತು. ‘ಭಾವ, ನಿಮ್ಮ ಮಲತಾಯಿ ನಿಂತವ್ಳೆ, ಕೈ ಮುಗ್ದು ಹೋಗಿ’ ಅಂತ ರೇಗಿಸ್ತಿದ್ದೆ. ಅವ್ನೂ ನಗ್ತಾ ಕೈ ಮುಗೀತಿದ್ದ.”

ಅಂದರೆ ತಾತನಿಗೆ ಗೊತ್ತಿತ್ತು.

ಬೀರೂರು ದಾಟಿ ಕಡೂರು ಬರುವವರೆಗೂ ಬಸ್ಸಿನಲ್ಲಿ ನಾನು ಆ ಸತ್ತವನನ್ನು ಬೈಯುತ್ತ ಕೂತಿದ್ದೆ. ಶಾಸ್ತ್ರದವನು ‘ಅವಳೇ’ ಎಂದಾಗ, ‘ಅದು ಗಿಡ ಕಣಪ್ಪ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮೊದಲ ದಿನ ಹುಡುಗ ಸತ್ತ ಗಾಬರಿಯಲ್ಲಿ ಹೊಳೆಯಲಿಲ್ಲ ಎಂದುಕೊಳ್ಳೋಣ. ಮಾರನೆಯ ದಿನ? ಮಾರನೆಯ ವರ್ಷ? ಹೆಂಡತಿ ಹಾಸಿಗೆಯಲ್ಲಿ, ರೊಪ್ಪದ ತುಂಬ ಕುರಿ, ಮಗಳು ಮದುವೆಯಾಗಿ ಹೋದರೆ ಯಾರು ನೋಡಬೇಕು? ತಾತ ಸುಮ್ಮನಿದ್ದ. ಮಗಳು ರೊಪ್ಪದ ಬಾಗಿಲಲ್ಲಿ ಕೂತು ಗಿಡವನ್ನು ‘ಬಾರಮ್ಮ’ ಎಂದು ಕರೆಯುವುದನ್ನು ಕೇಳುತ್ತ, ಬಾಡು ಉಂಡು, ಜಗಲಿಯಲ್ಲಿ ಬೀಡಿ ಸೇದುತ್ತ ಸುಮ್ಮನಿದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಕರೆದೊಯ್ಯುತ್ತಿದ್ದ ತಾತನೇ ಅವನು. ಅವನ ಮೇಲೆ ನನಗಿದ್ದ ಪ್ರೀತಿ ಆ ಬಸ್ಸಿನಲ್ಲೇ ಸತ್ತುಹೋಯಿತು.

ಊರಿಗೆ ಹೋಗಿ ಮೊದಲು ಅಣ್ಣನಿಗೆ ಹೇಳಿದೆ. ಅಣ್ಣ ತೊಡೆ ತಟ್ಟಿಕೊಂಡು ನಕ್ಕ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ನಕ್ಕು ಮುಗಿದ ಮೇಲೆ ಅಣ್ಣ ದನಿ ತಗ್ಗಿಸಿದ.

“ಅತ್ತೆಗೆ ಹೇಳ್ಬೇಡ.”

“ಯಾಕೆ?”

“ಈ ವಯಸ್ನಾಗೆ ಗೊತ್ತಾಗಿ ಏನಾಗ್ಬೇಕು? ಎದೆ ಒಡ್ಕಂಡು ಸಾಯ್ತಾಳೆ.” ರೊಪ್ಪದ ಕಡೆ ನೋಡಿ, “ಅಲ್ದೆ ಈಗ ಕುರಿ ಈಯೋ ಕಾಲ,” ಎಂದ.

ನಾನು ನೆಟ್ಟಗೆ ರೊಪ್ಪಕ್ಕೆ ಹೋದೆ. ಅತ್ತೆ ಒಂದು ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಉಣ್ಣೆಹುಳ ಹೆಕ್ಕುತ್ತಿದ್ದಳು. ಸೊಂಟ ಇನ್ನೂ ಸರಿಯಾಗಿರಲಿಲ್ಲ, ಒಂದು ಕಾಲು ಚಾಚಿ ಕೂತಿದ್ದಳು. ನನ್ನ ಮುಖ ನೋಡಿ, “ಸಿಕ್ತಾ?” ಎಂದಳು. ಆಸೆ ಅನ್ನುವುದು ಆ ಮುಖದಲ್ಲಿ ಹೇಗಿರುತ್ತದೆ ಎಂದು ಅವತ್ತೇ ನಾನು ನೋಡಿದ್ದು.

ಹೇಳಿದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ.

“ಗಿಡನಾ?”

“ಹೂಂ.”

“ಹೆಂಗಸೇ ಅಲ್ವಾ?”

“ಅಲ್ಲ ಅತ್ತೆ.”

“ನಮ್ಮಪ್ಪಂಗೆ ಗೊತ್ತಿತ್ತಾ?”

ಇಲ್ಲ ಅನ್ನಬಹುದಾಗಿತ್ತು. ಆದರೆ ತಾತನನ್ನು ಕಾಪಾಡಲು ನನಗೆ ಮನಸ್ಸಿರಲಿಲ್ಲ. “ಗೊತ್ತಿತ್ತು,” ಎಂದೆ.

ಅತ್ತೆ ಮರಿಯ ಕಿವಿ ಮಡಿಸಿ, ಒಳಗಿದ್ದ ಹುಳವನ್ನು ಕಿತ್ತು, ಉಗುರಿನಲ್ಲಿ ಹೊಸಕಿದಳು. ಇನ್ನೊಂದು ಕಿವಿಯನ್ನೂ ನೋಡಿದಳು. ಮರಿಯನ್ನು ಕೆಳಗಿಳಿಸಿ ಅಂದಳು:

“ಗಿಡಕ್ಕಾದ್ರೂ ತಾಳಿ ಕಟ್ಟಿದ್ರಲ್ಲೇ.”

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. “ಸುಮ್ಕಿರು, ಕುರಿ ಬೆದರ್ತವೆ,” ಎಂದಳು.

ಹಿರಿಯರ ಹಬ್ಬಕ್ಕೆ ನಾನೂ ಊರಿಗೆ ಹೋದೆ. ಅತ್ತೆ ಎಂದಿನಂತೆ ಮಸಾಲೆ ಅರೆದಳು, ಎಂದಿನಂತೆ ತನ್ನ ಎಲೆ, ತಾನು ಬಡಿಸಿಕೊಂಡ ಮುದ್ದೆ ಬಾಡು, ಮೂರನೆಯವಳ ಸೀರೆ ತೆಗೆದುಕೊಂಡು ಹಿಂದುಗಡೆಯಿಂದ ರೊಪ್ಪದ ಕಡೆ ಹೋದಳು. ಒಳಗೆ ಅಣ್ಣ ಎಲ್ಲರ ಹೆಸರು ಹಿಡಿದು ಕರೆದು ಧೂಪ ಹಾಕಿದ. ಬಾಗಿಲು ಎಳೆದುಕೊಂಡು ನಾವು ಜಗಲಿಯಲ್ಲಿ ಕೂತೆವು. ಹಿರಿಯರಿಗೆ ಉಣ್ಣಲು ಬೇಕಾದಷ್ಟು ಹೊತ್ತು ಬಿಟ್ಟು, ಅಣ್ಣ ಕೆಮ್ಮಿ, ಬಾಗಿಲು ತೆಗೆದ.

ಅತ್ತೆ ಒಳಗಿದ್ದಳು. ಹಿತ್ತಲ ಬಾಗಿಲಿನಿಂದ ಬಂದು, ಎರಡನೆಯವಳ ಎಲೆಗೂ ನಾಲ್ಕನೆಯವಳ ಎಲೆಗೂ ನಡುವೆ ಜಾಗ ಮಾಡಿ ತನ್ನ ಎಲೆ ಹಾಸಿಕೊಂಡಿದ್ದಳು. ಮೂರನೆಯವಳಿಗೆಂದು ತಂದ ಹೊಸ ಸೀರೆ ಉಟ್ಟಿದ್ದಳು. ನೋವಿನ ಕಾಲನ್ನು ಪಕ್ಕಕ್ಕೆ ಚಾಚಿ, ಗೋಡೆಗೊರಗಿ, ಆತುರವಿಲ್ಲದೆ ಮುದ್ದೆ ಮುರಿದು ಎಸರಿಗೆ ಅದ್ದಿ ಉಣ್ಣುತ್ತಿದ್ದಳು.

ಕಾಗೆಗೂ ಇಟ್ಟಿರಲಿಲ್ಲ. ಅತ್ತಿಗೆ ಚೀರಿದಳು: “ಅಯ್ಯಯ್ಯೋ, ಮೂರ್ನೇವ್ಳು ಮೈಮೇಲ್ ಬಂದವ್ಳೆ!”

ಅಣ್ಣ ದೊಪ್ಪನೆ ಅಡ್ಡಬಿದ್ದ. ಅವನ ಹಿಂದೆ ಅವನ ಮಕ್ಕಳು, ಸೊಸೆ ಎಲ್ಲರೂ ಬಿದ್ದರು. ನಿಂತಿದ್ದವಳು ನಾನೊಬ್ಬಳೇ.

“ಏಳ್ರೋ ಮೇಲೆ! ಅತ್ತೆ ಕಣೋ ಅದು, ಹಸ್ದು ಬಂದವ್ಳೆ!” ಎಂದು ಕೂಗಿದೆ. “ಗಿಡ ಅಂತ ಹೇಳ್ಲಿಲ್ವಾ ನಿಂಗೆ?”

“ಗಿಡ ಹಿಂಗೆ ಮೂಳೆ ಕಡೀತದಾ?” ಅಣ್ಣ ನೆಲದಿಂದಲೇ ಗದರಿದ. “ಬಾಯ್ ಮುಚ್ಚು. ಮನೆಹಾಳು ಮಾತು ಆಡ್ಬೇಡ.” ಆಮೇಲೆ ಕೈಮುಗಿದು, ತಾನು ಹುಟ್ಟಿದಾಗಿನಿಂದ ತನ್ನ ಎಂಜಲು ತಟ್ಟೆ ಎತ್ತಿದವಳನ್ನೇ ಕೇಳಿದ: “ತಪ್ಪಾಯ್ತು ತಾಯಿ. ನಿನ್ನ ಹೆಸ್ರು ಏನು ಅಂತ ಹೇಳು. ಕರೀತೀವಿ. ವರ್ಷ ವರ್ಷ ಒಳಗೇ ಕರೀತೀವಿ.”

ಅತ್ತೆ ಬಾಯಲ್ಲಿದ್ದುದನ್ನು ನುಂಗಿದಳು. ಮೂಳೆಯನ್ನು ಎಲೆಯ ತುದಿಗಿಟ್ಟಳು. ಒಂದು ಹೆಸರು ಹೇಳಿದಳು. ಹಳೇ ಕಾಲದ, ಈಗ ಯಾರೂ ಇಡದ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣ ಆ ಹೆಸರು ಹಿಡಿದು ಕೂಗಿ ಕೂಗಿ ಕರೆದು ಧೂಪ ಹಾಕಿದ. ಹೊಗೆಯಲ್ಲಿ ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಕೇಳಿಸಿಕೊಂಡಳು. “ಇನ್ನೊಂದು ಸೌಟು ಎಸ್ರು ಹಾಕ್ರಿ,” ಎಂದಳು. ಅತ್ತಿಗೆ ಓಡಿಹೋಗಿ ತಂದು ಹಾಕಿದಳು.

ಬಾಯಿಗೆ ಬಂದ ಹೆಸರು ಹೇಳಿದ್ದಾಳೆ ಎಂದೇ ನಾನು ತಿಳಿದೆ. ಹಿತ್ತಲಲ್ಲಿ ಕೈಗೆ ನೀರು ಹಾಕುವಾಗ, “ಯಾರ ಹೆಸ್ರು ಅತ್ತೆ ಅದು?” ಎಂದು ಕೇಳಿದೆ.

“ನಂದು.”

ಅವಳ ಹೆಸರು ಅದಲ್ಲ. ರೇಷನ್ ಕಾರ್ಡಿನಲ್ಲಿರುವುದು ಬೇರೆ. ನಾನು ಚೊಂಬು ಕೆಳಗಿಟ್ಟೆ.

“ಕಾರ್ಡಿನಾಗಿರೋದು ನಮ್ಮಪ್ಪ ಬರ್ಸಿದ್ದು. ಇದು ನಮ್ಮವ್ವ ಇಟ್ಟಿದ್ದು. ಅವ್ಳ ತಾಯಿ ಹೆಸ್ರು. ಅಪ್ಪಂಗೆ ಹೆಣ್ಣು ಕೊಟ್ಟ ಅತ್ತೆ ಹೆಸ್ರು ಕೇಳಿದ್ರೆ ಆಗ್ತಿರ್ಲಿಲ್ಲ, ಅದಕ್ಕೆ ಅವ್ವ ಕಿವೀಲಿ ಕರೀತಿದ್ಲು. ಅವ್ಳಿಗೆ ಮಾತು ಬಿದ್ದೋದ್ಮೇಲೆ ಯಾರೂ ಕರ್ದಿಲ್ಲ.”

ಒಳಗೆ ಹೋಗಿ ಎಲ್ಲರ ಮುಖಕ್ಕೆ ಇದನ್ನು ಹೇಳಿ ಬರುತ್ತೇನೆಂದು ತಿರುಗಿದೆ. ಅತ್ತೆ ಒದ್ದೆ ಕೈಯಲ್ಲಿ ನನ್ನ ಮುಂಗೈ ಹಿಡಿದಳು. ಗೊಬ್ಬರ ಎತ್ತಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

“ಬ್ಯಾಡ. ಅತ್ತೆ ಸತ್ಲು ಅಂದ್ರೆ ಒಂದ್ ಹಿಡಿ ಮಣ್ಣು ಹಾಕಿ ಮರೀತಾರೆ. ಮೂರ್ನೇವ್ಳು ಅಂದ್ರೆ ಭಯ ಇವ್ರಿಗೆ. ಭಯ ಇದ್ರೆ ಎಡೆ ಇಡ್ತಾರೆ ಕಣೇ.”

ಹೆಸರು ಸಿಕ್ಕಿತು, ಕರೆದದ್ದಾಯಿತು, ಸೀರೆ ಉಡಿಸಿದ್ದಾಯಿತು. ಶಾಸ್ತ್ರದವನ ಲೆಕ್ಕದಲ್ಲಿ ಅತ್ತೆಗೆ ಅವತ್ತಿಗೆ ಬಿಡುಗಡೆ. ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅತ್ತಿಗೆ ಹಿತ್ತಲಿಗೆ ಕೇಳುವಂತೆ ಕೂಗುತ್ತಿದ್ದಳು: “ಅತ್ತೇ, ಹೊತ್ತೇರ್ತು, ರೊಪ್ಪ ಗುಡ್ಸಲಿಲ್ವಾ ಇನ್ನೂ?”

ಸುಗ್ಗಿಯಾದ ಮೇಲೆ ಹೆಳವ ಬಂದ. ಅಣ್ಣ ನನಗೂ ಹೇಳಿಕಳಿಸಿದ್ದ. ಮನೆಯ ಹೆಣ್ಣುಮಕ್ಕಳಿದ್ದರೆ ಶೋಭೆಯಂತೆ. ಜಗಲಿಯ ಮೇಲೆ ಕಂಬಳಿ ಹಾಸಿ ಹೆಳವನನ್ನು ಕೂರಿಸಿದರು. ಅಣ್ಣನ ಹೊಸ ಮೊಮ್ಮಗನ ಹೆಸರು ಬರೆಸಿದ ಮೇಲೆ, ಅಣ್ಣ ಗಂಟಲು ಸರಿಮಾಡಿಕೊಂಡು, “ಮುತ್ತಾತನ ಮೂರ್ನೇ ಹೆಂಡ್ತಿ ಹೆಸ್ರು ಸಿಕ್ಕೈತೆ, ಬರ್ಕೊಳಪ್ಪ,” ಎಂದು ಆ ಹೆಸರು ಹೇಳಿದ. ಹೆಳವ ನನ್ನ ಕಡೆ ನೋಡಿದ. ಊರು ಯಾವುದು ಎಂದು ಕೇಳಿದ. “ಗೊತ್ತಿಲ್ಲ. ಹೆಸ್ರು ಅವಳೇ ಬಂದು ಹೇಳಿದ್ದು,” ಎಂದ ಅಣ್ಣ. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ.

ಹೆಳವನಿಗೆ ಕೊಡುವ ರಾಗಿಯನ್ನು ಮೊರದಲ್ಲಿ ತುಂಬಿಕೊಂಡು ಅತ್ತೆ ಕುಂಟುತ್ತ ಒಳಗಿನಿಂದ ಬಂದಳು. ಅವನು ಬರೆದದ್ದನ್ನು ಪದ್ಧತಿಯಂತೆ ರಾಗವಾಗಿ ಓದಿ ಒಪ್ಪಿಸತೊಡಗಿದ. ಮೊದಲನೆಯವಳು, ಎರಡನೆಯವಳು. ಮೂರನೆಯದಕ್ಕೆ ಅತ್ತೆಯ ಅವ್ವ ಕಿವಿಯಲ್ಲಿ ಕರೆಯುತ್ತಿದ್ದ ಹೆಸರನ್ನು ಅವನು ಊರೆಲ್ಲ ಕೇಳುವಂತೆ ಎಳೆದು ಹಾಡಿದ. ಅತ್ತೆ ಮೊರ ಹಿಡಿದುಕೊಂಡೇ ನಿಂತಳು. ಅವನು ಜೋಳಿಗೆಯ ಬಾಯಿ ಬಿಚ್ಚಿ ಹಿಡಿದರೂ ಸುರಿಯಲಿಲ್ಲ.

“ಇನ್ನೊಂದ್ಸಲ ಓದಪ್ಪ,” ಎಂದಳು.